ಹುಣಸೂರು ರಸ್ತೆಯಲ್ಲಿ ಅಂತರರಾಷ್ಟ್ರೀಯ ಕಾನೂನು



ಅಲ್ಪಸಂಖ್ಯಾತ ಜನಸಮುದಾಯಗಳ ಹಕ್ಕುಗಳು ಮತ್ತು ಅಂತರರಾಷ್ಟ್ರೀಯ ಕಾನೂನು – ಈ ಹೆಸರು ಕೇಳಿದೊಡನೆ ನಿಮ್ಮಲ್ಲಿ ಹಲವರಿಗೆ ಆಕಳಿಕೆ ಬಂದಿದ್ದರೆ ಆಶ್ಚರ್ಯವಿಲ್ಲ. ಜಿನೀವಾದ ದೊಡ್ಡ ಸಭಾಭವನ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಪ್ರತಿನಿಧಿಗಳು, ಕಟ್ಟುಕಟ್ಟು ಕಾಗದ. ಇದಕ್ಕೂ ನಮಗೂ ಏನು ಸಂಬಂಧ? ಈ ವಿಷಯದ ಮೇಲೆ ಸಂವಾದ ಕಾರ್ಯಕ್ರಮ ರೂಪಿಸಲು ಕುಳಿತಾಗ ನಮ್ಮ ತಂಡಕ್ಕೂ ಹಾಗೆಯೇ ಅನ್ನಿಸಿತ್ತು.

ನನ್ನ ಮನೆ ಇರುವುದು ಮೈಸೂರಿನ ವಿಜಯನಗರದಲ್ಲಿ. ಬಡಾವಣೆಯಿಂದ ಹೊರಬಂದರೆ ಹುಣಸೂರು ರಸ್ತೆ. ರಸ್ತೆಯ ಆ ಬದಿಗೆ ಮಾನಸಗಂಗೋತ್ರಿ, ಅಲ್ಲಿಯೇ 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ. ಅದೇ ರಸ್ತೆಯಲ್ಲಿ ಬಸ್ಸು ಹತ್ತಿ ಪಶ್ಚಿಮಕ್ಕೆ ಹೊರಟರೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಮಡಿಕೇರಿ ಸಿಗುತ್ತವೆ. ಘಟ್ಟ ಇಳಿದರೆ ಸಂಪಾಜೆ, ಸುಳ್ಯ. ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿದರೆ ರಾಜ್ಯದ ಗಡಿ ದಾಟಿ ಕಾಸರಗೋಡು. ಒಂದು ದಿನದ ಈ ಪ್ರಯಾಣದಲ್ಲಿ ಮೂರು ಬಗೆಯ ಜನ ನಮಗೆ ಎದುರಾಗುತ್ತಾರೆ: ಹುಣಸೂರಿನ ಕಾಡಂಚಿನಲ್ಲಿ ಬುಡಕಟ್ಟಿನವರು, ಬೈಲಕುಪ್ಪೆಯಲ್ಲಿ ನಿರಾಶ್ರಿತರು, ಕಾಸರಗೋಡಿನಲ್ಲಿ ಭಾಷಾ ಅಲ್ಪಸಂಖ್ಯಾತರು. ಈ ಮೂವರ ಬಗ್ಗೆಯೂ ವಿಶ್ವಸಂಸ್ಥೆಯ ಕಾಗದಗಳಲ್ಲಿ ಬೇರೆ ಬೇರೆ ಅಧ್ಯಾಯಗಳಿವೆ. ಹಾಗಾದರೆ ಜಿನೀವಾಕ್ಕೆ ಹೋಗುವುದೇಕೆ? ಈ ರಸ್ತೆಯಲ್ಲೇ ಹೊರಡೋಣ. ಹೊರಡುವ ಮುನ್ನ ಬುತ್ತಿಗೆ ಒಂದೆರಡು ವಿಚಾರ ಕಟ್ಟಿಕೊಳ್ಳಬೇಕು.

ಅಲ್ಪಸಂಖ್ಯಾತರೆಂದರೆ ಯಾರು?

‘ಅಲ್ಪಸಂಖ್ಯಾತ’ ಎಂಬ ಪದದಲ್ಲೇ ಸಂಖ್ಯೆ ಇದೆ. ಆದರೆ ಸಂಖ್ಯೆಯೊಂದೇ ಸಾಲದು. ವರ್ಣಭೇದ ನೀತಿಯ ಕಾಲದ ದಕ್ಷಿಣ ಆಫ್ರಿಕದಲ್ಲಿ ಬಿಳಿಯರು ಸಂಖ್ಯೆಯಲ್ಲಿ ಕಡಿಮೆ. ಅಧಿಕಾರವೆಲ್ಲ ಅವರ ಕೈಯಲ್ಲಿತ್ತು. ಅವರಿಗೆ ರಕ್ಷಣೆ ಬೇಕೆಂದು ಯಾರೂ ಹೇಳಲಾರರು. 1970ರ ದಶಕದಲ್ಲಿ ವಿಶ್ವಸಂಸ್ಥೆಗಾಗಿ ಅಧ್ಯಯನ ನಡೆಸಿದ ಇಟಲಿಯ ಕಾನೂನು ತಜ್ಞ ಫ್ರಾಂಚೆಸ್ಕೊ ಕಾಪೊಟೋರ್ಟಿ ಕೆಲವು ಲಕ್ಷಣಗಳನ್ನು ಹೇಳಿದರು: ಆ ಗುಂಪು ಸಂಖ್ಯೆಯಲ್ಲಿ ಕಡಿಮೆ ಇರಬೇಕು, ಪ್ರಬಲ ಸ್ಥಾನದಲ್ಲಿ ಇರಬಾರದು, ಜನಾಂಗ, ಧರ್ಮ ಅಥವಾ ಭಾಷೆಯಲ್ಲಿ ಉಳಿದವರಿಗಿಂತ ಬೇರೆಯಾಗಿರಬೇಕು, ಆ ಬೇರೆತನವನ್ನು ಉಳಿಸಿಕೊಳ್ಳಬೇಕೆಂಬ ಇಚ್ಛೆಯೂ ಅವರಲ್ಲಿ ಇರಬೇಕು. ಎಲ್ಲ ರಾಷ್ಟ್ರಗಳೂ ಒಪ್ಪಿದ ಒಂದೇ ವ್ಯಾಖ್ಯೆ ಇಂದಿಗೂ ಇಲ್ಲ. ಆದರೂ ಚರ್ಚೆ ಶುರುವಾಗುವುದು ಇಲ್ಲಿಂದಲೇ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಎಣಿಸುವುದು ಎಲ್ಲಿ? ಊರಿನಲ್ಲೋ, ರಾಜ್ಯದಲ್ಲೋ, ದೇಶದಲ್ಲೋ? 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರ ಕೊಟ್ಟಿತು. ನಮ್ಮ ರಾಜ್ಯದಿಂದಲೇ ಹೋಗಿದ್ದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆ ಅದು. ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕಿನ ಮಟ್ಟಿಗೆ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕು ಎಂದು ನ್ಯಾಯಾಲಯ ಹೇಳಿತು. ಅಂದರೆ ವಿಜಯನಗರದಲ್ಲಿ ಕುಳಿತ ಕನ್ನಡಿಗ ಬಹುಸಂಖ್ಯಾತ. ಜಾಲ್ಸೂರು ದಾಟಿದೊಡನೆ ಅದೇ ಮನುಷ್ಯ ಅಲ್ಪಸಂಖ್ಯಾತ. ಈ ಒಂದು ಮಾತನ್ನು ನೆನಪಿನಲ್ಲಿಡಿ. ಪ್ರಯಾಣದ ಕೊನೆಯಲ್ಲಿ ಬೇಕಾಗುತ್ತದೆ.

ಎಲ್ಲರಿಗೂ ಒಂದೇ ನಿಯಮ ಸಾಲದೇ?

ನಮ್ಮ ಕಾರ್ಯಕ್ರಮಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೇಳಿದ ಪ್ರಶ್ನೆ ಒಂದೇ: “ಸಾರ್, ಕಾನೂನಿನ ಮುಂದೆ ಎಲ್ಲರೂ ಸಮಾನರು ಅಂದಮೇಲೆ ಕೆಲವರಿಗೆ ಮಾತ್ರ ಬೇರೆ ಹಕ್ಕು ಯಾಕೆ?” ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವಾಗಿ ಒಂದು ಹಳೆಯ ಮೊಕದ್ದಮೆಯ ಕಥೆ ಹೇಳಬೇಕು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ಗಡಿಗಳು ಬದಲಾದವು. ರಾತ್ರಿ ಒಂದು ದೇಶದಲ್ಲಿ ಮಲಗಿದವರು ಬೆಳಗ್ಗೆ ಇನ್ನೊಂದು ದೇಶದಲ್ಲಿ ಎದ್ದರು ಎನ್ನಬಹುದು. ಅಂಥವರ ಭಾಷೆ, ಧರ್ಮ, ಶಾಲೆಗಳನ್ನು ಕಾಪಾಡುತ್ತೇವೆಂದು ಹೊಸ ದೇಶಗಳಿಂದ ಬರೆಸಿಕೊಳ್ಳಲಾಯಿತು. 1919ರಲ್ಲಿ ಪೋಲೆಂಡ್ ಇಂಥ ಕರಾರಿಗೆ ಸಹಿ ಹಾಕಿತು. ಅಲ್ಬೇನಿಯಾ 1921ರಲ್ಲಿ ರಾಷ್ಟ್ರಸಂಘಕ್ಕೆ ಅದೇ ಬಗೆಯ ವಚನ ಕೊಟ್ಟಿತು. ಆದರೆ 1933ರಲ್ಲಿ ಅಲ್ಬೇನಿಯಾ ತನ್ನ ಸಂವಿಧಾನವನ್ನು ತಿದ್ದಿ ದೇಶದ ಎಲ್ಲ ಖಾಸಗಿ ಶಾಲೆಗಳನ್ನೂ ಮುಚ್ಚಿತು. ಅಲ್ಲಿನ ಗ್ರೀಕ್ ಭಾಷಿಕರ ಶಾಲೆಗಳೂ ಮುಚ್ಚಿದವು. ಸರ್ಕಾರದ ವಾದ ಸರಳವಾಗಿತ್ತು: ನಾವು ಯಾರಿಗೂ ಭೇದ ಮಾಡಿಲ್ಲ, ಎಲ್ಲರ ಖಾಸಗಿ ಶಾಲೆಯನ್ನೂ ಮುಚ್ಚಿದ್ದೇವೆ.

ಹೇಗ್ ನಗರದಲ್ಲಿದ್ದ ಅಂದಿನ ಅಂತರರಾಷ್ಟ್ರೀಯ ನ್ಯಾಯಾಲಯ 1935ರಲ್ಲಿ ಈ ವಾದವನ್ನು ಒಪ್ಪಲಿಲ್ಲ. ಬಹುಸಂಖ್ಯಾತರ ಮಕ್ಕಳಿಗೆ ಅವರ ಭಾಷೆಯಲ್ಲಿ ಕಲಿಸಲು ಸರ್ಕಾರಿ ಶಾಲೆಗಳೇ ಇವೆ. ಅಲ್ಪಸಂಖ್ಯಾತರಿಗೆ ಇದ್ದುದು ತಮ್ಮ ಶಾಲೆ ಮಾತ್ರ. ಹೀಗಿರುವಾಗ ನಿಯಮ ಒಂದೇ ಆದರೂ ಅದರ ಪರಿಣಾಮ ಒಂದೇ ಆಗುವುದಿಲ್ಲ. ಸಮಾನತೆ ಕಾಗದದಲ್ಲಿಯೂ ಇರಬೇಕು, ವಾಸ್ತವದಲ್ಲಿಯೂ ಇರಬೇಕು ಎಂಬುದು ಆ ಅಭಿಪ್ರಾಯದ ಸಾರ.

ನಾನು ಬಿ.ಎಸ್‌ಸಿ. ಓದಿದವನು, ಪ್ರಯೋಗಶಾಲೆಯ ಭಾಷೆಯಲ್ಲಿ ಹೇಳಿದರೆ ನನಗೆ ಬೇಗ ತಿಳಿಯುತ್ತದೆ. ಎರಡು ಬೀಕರ್‌ಗಳಲ್ಲಿ ಬೇರೆ ಬೇರೆ ಪ್ರಮಾಣದ ನೀರಿಟ್ಟು, ಎರಡಕ್ಕೂ ಒಂದೇ ಉರಿಯನ್ನು ಒಂದೇ ಹೊತ್ತು ಕೊಡಿ. ಥರ್ಮಾಮೀಟರ್ ಒಂದೇ ಅಂಕಿ ತೋರಿಸುತ್ತದೆಯೇ? ಇಲ್ಲ. ಉರಿಯನ್ನು ಮಾತ್ರ ಅಳೆದು ನ್ಯಾಯವಾಯಿತು ಎನ್ನುವವರಿಗೆ ಆ ನ್ಯಾಯಾಲಯ, ನೀರಿನ ಬಿಸಿಯನ್ನೂ ಅಳೆಯಿರಿ ಎಂದು ಹೇಳಿತು.

27ನೆಯ ವಿಧಿ

ರಾಷ್ಟ್ರಸಂಘ ಬಹುಕಾಲ ಬಾಳಲಿಲ್ಲ. ಜೆಕೊಸ್ಲೊವಾಕಿಯದಲ್ಲಿದ್ದ ಜರ್ಮನ್ ಭಾಷಿಕರ ಹೆಸರು ಹೇಳಿಯೇ ಹಿಟ್ಲರ್ 1938ರಲ್ಲಿ ಆ ದೇಶದ ಒಂದು ಭಾಗವನ್ನು ಕಬಳಿಸಿದ. ಅಲ್ಪಸಂಖ್ಯಾತರ ಹಕ್ಕು ಎಂಬ ಮಾತಿಗೇ ಕೆಟ್ಟ ಹೆಸರು ಬಂತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಅಲ್ಪಸಂಖ್ಯಾತರಿಗಾಗಿ ಪ್ರತ್ಯೇಕ ವಿಧಿಯೇ ಇಲ್ಲ. ಪ್ರತಿಯೊಬ್ಬ ವ್ಯಕ್ತಿಗೂ ಹಕ್ಕು ಕೊಟ್ಟರೆ ಗುಂಪಿನ ಹಕ್ಕು ತಾನಾಗಿ ಸಿಗುತ್ತದೆ ಎಂಬ ನಂಬಿಕೆ ಅಂದು ಇತ್ತು.

ಆ ನಂಬಿಕೆ ಸಾಲದೆಂದು ತಿಳಿದುದರಿಂದ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ 27ನೆಯ ವಿಧಿ ಸೇರಿತು. ಅದರ ತಾತ್ಪರ್ಯ ಇಷ್ಟು: ಜನಾಂಗ, ಧರ್ಮ ಅಥವಾ ಭಾಷೆಯ ಅಲ್ಪಸಂಖ್ಯಾತರು ಇರುವ ದೇಶಗಳಲ್ಲಿ, ಅವರು ತಮ್ಮವರೊಡನೆ ಕೂಡಿ ತಮ್ಮ ಸಂಸ್ಕೃತಿಯನ್ನು ಅನುಭವಿಸುವ, ತಮ್ಮ ಧರ್ಮವನ್ನು ಆಚರಿಸುವ, ತಮ್ಮ ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸಬಾರದು. ‘ತಮ್ಮವರೊಡನೆ ಕೂಡಿ’ ಎಂಬ ಮಾತನ್ನು ಗಮನಿಸಿ. ಮಾತನಾಡಲು ಎದುರಿಗೆ ಇನ್ನೊಬ್ಬರಿಲ್ಲದಿದ್ದರೆ ಭಾಷೆಯ ಹಕ್ಕು ಇದ್ದೂ ಪ್ರಯೋಜನವಿಲ್ಲ. ಈ ಒಡಂಬಡಿಕೆ 1976ರಲ್ಲಿ ಜಾರಿಗೆ ಬಂತು. ಭಾರತ 1979ರಲ್ಲಿ ಸೇರಿತು.

ಈ ವಿಧಿ ಕೆಲಸ ಮಾಡಿದ್ದಕ್ಕೆ ಪ್ರಸಿದ್ಧ ಉದಾಹರಣೆ ಕೆನಡದ ಸಾಂಡ್ರಾ ಲವ್‌ಲೇಸ್. ಮೂಲನಿವಾಸಿ ಸಮುದಾಯದ ಈ ಮಹಿಳೆ ಹೊರಗಿನವರನ್ನು ಮದುವೆಯಾದ ಕಾರಣಕ್ಕೆ ಅಂದಿನ ಕಾನೂನಿನಂತೆ ಸಮುದಾಯದ ಸದಸ್ಯತ್ವವನ್ನೇ ಕಳೆದುಕೊಂಡರು. ಮದುವೆ ಮುರಿದು ತವರಿಗೆ ಬಂದರೆ ಅಲ್ಲಿ ನೆಲೆಸುವ ಹಕ್ಕಿಲ್ಲ! ಹೊರಗಿನ ಹೆಣ್ಣನ್ನು ಮದುವೆಯಾದ ಗಂಡಸಿಗೆ ಈ ಶಿಕ್ಷೆ ಇರಲಿಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1981ರಲ್ಲಿ, ಇದು 27ನೆಯ ವಿಧಿಯ ಉಲ್ಲಂಘನೆ ಎಂದಿತು. 1985ರಲ್ಲಿ ಕೆನಡ ತನ್ನ ಕಾನೂನನ್ನು ಬದಲಿಸಿತು.

1992ರ ಡಿಸೆಂಬರ್ 18ರಂದು ವಿಶ್ವಸಂಸ್ಥೆ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆಯೇ ಪ್ರತ್ಯೇಕ ಘೋಷಣೆ ಹೊರಡಿಸಿತು. ‘ನಿರಾಕರಿಸಬಾರದು’ ಎಂಬಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ಮಾತೃಭಾಷೆ ಕಲಿಯಲು ಸಾಧ್ಯವಿರುವೆಡೆಯಲ್ಲೆಲ್ಲ ಸರ್ಕಾರವೇ ಏರ್ಪಾಟು ಮಾಡಬೇಕೆಂದು ಅದು ಹೇಳುತ್ತದೆ. ಡಿಸೆಂಬರ್ 18ನ್ನು ನಮ್ಮ ದೇಶದಲ್ಲಿ ಅಲ್ಪಸಂಖ್ಯಾತರ ಹಕ್ಕುಗಳ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ.

ಬುತ್ತಿ ಸಿದ್ಧವಾಯಿತು. ಬಸ್ಸು ಹತ್ತೋಣ.

ಹುಣಸೂರು: ಕಾಡು ಯಾರದು?

ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಹುಣಸೂರಿನಲ್ಲಿ ಇಳಿದು ಎಡಕ್ಕೆ ಹೋದರೆ ನಾಗರಹೊಳೆಯ ಕಾಡು. ಇದು ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆತಲಾಂತರದಿಂದ ಬಾಳಿದ ಸೀಮೆ. ಜೇನುಕುರುಬರ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 36 ಸಾವಿರ. ಕೇಂದ್ರ ಸರ್ಕಾರ ‘ವಿಶೇಷವಾಗಿ ದುರ್ಬಲ’ ಎಂದು ಗುರುತಿಸಿರುವ ಬುಡಕಟ್ಟುಗಳಲ್ಲಿ ಕರ್ನಾಟಕದವು ಎರಡು: ಜೇನುಕುರುಬರು ಮತ್ತು ಕೊರಗರು.

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಮುಂದೆ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ನಡುವೆ 1970ರ ದಶಕದಲ್ಲಿ ಕಬಿನಿ ಜಲಾಶಯದ ನೀರು ನಿಂತಿತು. ಒಂದೊಂದು ಹಂತದಲ್ಲೂ ಹಾಡಿಗಳು ಖಾಲಿಯಾದವು. ಹೊರಬಿದ್ದ ಅನೇಕ ಕುಟುಂಬಗಳು ಕೊಡಗಿನ ಕಾಫಿ ತೋಟಗಳ ಲೈನ್‌ಮನೆ ಸೇರಿದವು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಹೋದವರೂ ಉಂಟು. ಶಾಲೆ, ಆಸ್ಪತ್ರೆ, ರಸ್ತೆ ಬೇಕೆಂದು ತಾವಾಗಿ ಹೊರಬಂದವರೂ ಉಂಟು ಎಂಬುದನ್ನು ಮರೆಯಬಾರದು. ಹೈಕೋರ್ಟ್ ನೇಮಿಸಿದ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ 2014ರ ತನ್ನ ವರದಿಯಲ್ಲಿ 3,418 ನಿರ್ವಸಿತ ಕುಟುಂಬಗಳನ್ನು ಗುರುತಿಸಿತು.

ಅಂತರರಾಷ್ಟ್ರೀಯ ಕಾನೂನು ಏನು ಹೇಳುತ್ತದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೆಯ ಒಡಂಬಡಿಕೆ 1957ರಲ್ಲಿ ಬಂತು. ಭಾರತ 1958ರಲ್ಲೇ ಅದನ್ನು ಅನುಮೋದಿಸಿತು. ಬುಡಕಟ್ಟಿನವರು ಪರಂಪರೆಯಿಂದ ಬಾಳಿದ ನೆಲದ ಒಡೆತನವನ್ನು ಅದು ಮಾನ್ಯ ಮಾಡುತ್ತದೆ. ಆದರೆ ಕಾಲಕ್ರಮೇಣ ಅವರೆಲ್ಲ ‘ಮುಖ್ಯವಾಹಿನಿ’ಗೆ ಕರಗಿಹೋಗುತ್ತಾರೆ ಎಂಬ ಹಳೆಯ ಕಾಲದ ಧೋರಣೆ ಅದರಲ್ಲಿತ್ತು. ಈ ದೋಷವನ್ನು ತಿದ್ದಿದ 169ನೆಯ ಒಡಂಬಡಿಕೆ 1989ರಲ್ಲಿ ಬಂತು. ಅದನ್ನು ಭಾರತ ಅನುಮೋದಿಸಿಲ್ಲ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ 144 ರಾಷ್ಟ್ರಗಳು ಪರವಾಗಿ ಮತ ಹಾಕಿದವು. ಭಾರತವೂ ಅವುಗಳಲ್ಲಿ ಒಂದು. ಆದರೆ ಭಾರತದ ಜನರೆಲ್ಲರೂ ಇಲ್ಲಿನ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಆ ಘೋಷಣೆಯ 10ನೆಯ ವಿಧಿಯ ಅರ್ಥ ಸ್ಪಷ್ಟವಾಗಿದೆ: ಅವರು ಮುಂಚಿತವಾಗಿ, ಎಲ್ಲವನ್ನೂ ತಿಳಿದು, ಸ್ವಇಚ್ಛೆಯಿಂದ ಒಪ್ಪದೆ ಅವರನ್ನು ನೆಲದಿಂದ ಎಬ್ಬಿಸಬಾರದು.

ಈ ಮಾತುಗಳು ನಮ್ಮ ನೆಲದ ಕಾನೂನಿನಲ್ಲಿ ಕಾಣಿಸಿಕೊಂಡದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಅರಣ್ಯವಾಸಿಗಳಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಸಂಸತ್ತೇ ಅದರ ಪೀಠಿಕೆಯಲ್ಲಿ ಒಪ್ಪಿಕೊಂಡಿದೆ. ಹಕ್ಕಿನ ಅರ್ಜಿ ಇತ್ಯರ್ಥವಾಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಅರ್ಜಿಯನ್ನು ಮೊದಲು ಪರಿಶೀಲಿಸುವುದು ಗ್ರಾಮಸಭೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮಗೆ ಹೇಳಬೇಕು. ಹತ್ತು ಹನ್ನೆರಡು ವರ್ಷಗಳ ಹಿಂದೆ ಸಾಕ್ಷ್ಯಚಿತ್ರವೊಂದಕ್ಕಾಗಿ ಈ ಸೀಮೆಯ ಹಾಡಿಯೊಂದಕ್ಕೆ ಹೋಗಿದ್ದೆವು. ನಮಗೆ ಬೇಕಾಗಿದ್ದುದು ಹಾಡು, ಕುಣಿತ, ಜೇನು ಕೀಳುವ ದೃಶ್ಯ. ಅವರು ಬೇಸರಿಸದೆ ಎಲ್ಲವನ್ನೂ ಮಾಡಿ ತೋರಿಸಿದರು. ಕೊನೆಗೆ ಹಿರಿಯರೊಬ್ಬರು ಕ್ಯಾಮೆರಾ ಮುಂದೆ ಕುಳಿತು, ಕಾಡಿನೊಳಗೆ ತಮ್ಮ ಹಳೆಯ ಹಾಡಿ ಎಲ್ಲಿತ್ತು, ತಾತನನ್ನು ಮಣ್ಣು ಮಾಡಿದ ಜಾಗ ಯಾವುದು, ದೇವರ ಕಲ್ಲು ಯಾವ ಮರದ ಬುಡದಲ್ಲಿದೆ ಎಂದು ಒಂದೊಂದಾಗಿ ಹೇಳಿದರು. “ಇದನ್ನೂ ಟಿ.ವಿ.ಯಲ್ಲಿ ತೋರಿಸ್ತೀರಲ್ಲ ಸ್ವಾಮಿ?” ಎಂದು ಕೇಳಿದರು. ಆಗಲಿ ಎಂದೆ. ಸಂಕಲನದ ಹೊತ್ತಿಗೆ ಸಮಯ ಸಾಲಲಿಲ್ಲ. ಕುಣಿತ ಉಳಿಯಿತು, ಅವರ ಮಾತು ಹೋಯಿತು. ಕತ್ತರಿಸಿದವನು ನಾನೇ.

ಈ ಸಂವಾದಕ್ಕಾಗಿ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳನ್ನು ಓದುವಾಗ ನಾನು ತಡೆದು ನಿಂತೆ. ಹಕ್ಕು ಸ್ಥಾಪಿಸಲು ಯಾವುದನ್ನು ಸಾಕ್ಷ್ಯವಾಗಿ ಕೊಡಬಹುದು ಎಂಬ ಪಟ್ಟಿ ಅಲ್ಲಿದೆ. ಸರ್ಕಾರಿ ದಾಖಲೆಗಳ ಜೊತೆಗೆ ಹಳೆಯ ಮನೆಯ ಕುರುಹು, ಮಣ್ಣು ಮಾಡಿದ ಜಾಗ, ಪವಿತ್ರ ಸ್ಥಳ ಮತ್ತು ಹಿರಿಯರು ಹೇಳಿ ಬರೆಸಿದ ಮಾತು ಆ ಪಟ್ಟಿಯಲ್ಲಿವೆ. ಆ ಹಿರಿಯರು ನನಗೆ ಕೊಟ್ಟಿದ್ದುದು ಸಾಕ್ಷ್ಯ. ನಾನು ಅದನ್ನು ಹಳೆಯ ನೆನಪು ಎಂದುಕೊಂಡಿದ್ದೆ. ಒಂದು ಸಮುದಾಯದ ಸಂಸ್ಕೃತಿ ಎಂದೊಡನೆ ವೇಷ, ಹಾಡು, ಕುಣಿತವಷ್ಟೇ ಕಣ್ಣಿಗೆ ಬೀಳುವುದು ಬಹುಸಂಖ್ಯಾತರ ರೋಗ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1994ರಲ್ಲಿಯೇ, ಬೇಟೆ, ಮೀನುಗಾರಿಕೆಯಂಥ ನೆಲದೊಡನೆ ಬೆಸೆದ ಬದುಕಿನ ರೀತಿಯೂ 27ನೆಯ ವಿಧಿಯ ‘ಸಂಸ್ಕೃತಿ’ಗೆ ಸೇರುತ್ತದೆ ಎಂದು ವಿವರಿಸಿತ್ತು.

ಈ ಕಾಯ್ದೆಯಿಂದ ಫಲ ಸಿಕ್ಕ ಕಡೆಯೂ ಇದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ನಾಗರಹೊಳೆಯಲ್ಲಿ ವಿವಾದ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಸುಮಾರು 50 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಪೂರ್ವಿಕರ ನೆಲೆಗೆ ಹಿಂದಿರುಗಿ ಗುಡಿಸಲು ಕಟ್ಟಿದವು. ಅರಣ್ಯ ಇಲಾಖೆ ಆಕ್ಷೇಪಿಸಿತು. ಹುಲಿಯೂ ಉಳಿಯಬೇಕು, ನಿಜ. ಆದರೆ ಹುಲಿಗಾಗಿ ಮನೆ ಬಿಡಬೇಕಾದವರನ್ನು ಮೊದಲು ಕೇಳಬೇಕು ಎಂಬುದೇ ಈ ಎಲ್ಲ ಒಡಂಬಡಿಕೆಗಳ ತಿರುಳು.

ಬೈಲಕುಪ್ಪೆ: ಪೌರತ್ವವಿಲ್ಲದವರಿಗೂ ಹಕ್ಕಿದೆಯೇ?

ಮತ್ತೆ ಹೆದ್ದಾರಿಗೆ ಬಂದು ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. 1959ರಲ್ಲಿ ದಲೈಲಾಮಾ ಅವರೊಡನೆ, ಅವರ ಹಿಂದೆ ಭಾರತಕ್ಕೆ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಜಮೀನು ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಜೋಳ ಬಿತ್ತಿದವರ ಮೊಮ್ಮಕ್ಕಳು ಇಂದು ಸರಾಗವಾಗಿ ಕನ್ನಡ ಮಾತನಾಡುತ್ತಾರೆ. ನೀವು ಪ್ರವಾಸ ಹೋಗಿ ಸ್ವರ್ಣ ದೇವಾಲಯದ ಮುಂದೆ ಫೋಟೋ ತೆಗೆಸಿಕೊಂಡಿರಬಹುದು.

ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸೇರಿಲ್ಲ. ಆದ್ದರಿಂದ ಇಲ್ಲಿನ ಅನೇಕರ ಬದುಕು ನೋಂದಣಿ ಪ್ರಮಾಣಪತ್ರವೊಂದರ ಮೇಲೆ ನಿಂತಿದೆ; ಕಾಲಕಾಲಕ್ಕೆ ಅದನ್ನು ನವೀಕರಿಸಿಕೊಳ್ಳಬೇಕು. ಹಾಗೆಂದು ಅವರು ಹಕ್ಕಿಲ್ಲದವರಲ್ಲ. ನಮ್ಮ ಸಂವಿಧಾನದ 14 ಮತ್ತು 21ನೆಯ ವಿಧಿಗಳು ‘ಪ್ರಜೆ’ ಎನ್ನದೆ ‘ವ್ಯಕ್ತಿ’ ಎನ್ನುತ್ತವೆ. ಇದನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಸುಪ್ರೀಂ ಕೋರ್ಟು ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಾಣ ಮತ್ತು ಸ್ವಾತಂತ್ರ್ಯವನ್ನು ರಕ್ಷಿಸುವಂತೆ ಅಲ್ಲಿನ ಸರ್ಕಾರಕ್ಕೆ ಆಜ್ಞಾಪಿಸಿತು. ಅಲ್ಪಸಂಖ್ಯಾತರ ಹಕ್ಕು ಪಡೆಯಲು ಪೌರತ್ವ ಬೇಕಾಗಿಲ್ಲ ಎಂದು ಮಾನವ ಹಕ್ಕುಗಳ ಸಮಿತಿಯೂ 1994ರಲ್ಲಿ ಹೇಳಿದೆ. ಇನ್ನು, 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಪೌರರು. ಈ ನಿಯಮ ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟು 2010ರಲ್ಲಿ ತೀರ್ಪಿತ್ತಿತು.

ಕಾಸರಗೋಡು: ನಾವೇ ಅಲ್ಪಸಂಖ್ಯಾತರಾದಾಗ

ಘಟ್ಟ ಇಳಿದು ಜಾಲ್ಸೂರಿನ ತಿರುವಿಗೆ ಬಂದೆವು. ಗಡಿಯ ಆಚೆಯ ಊರುಗಳಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಕೇಳಿಸುತ್ತವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎನ್ನುವ ಮಕ್ಕಳಿಗೆ ಇಲ್ಲಿ ಲೆಕ್ಕವಿಲ್ಲ. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರಂಥ ಕವಿಗಳ ನೆಲ ಇದು. ಕಯ್ಯಾರರು ಜೀವಮಾನವಿಡೀ ಈ ನೆಲ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದರು.

ಎಣಿಸುವುದು ಎಲ್ಲಿ ಎಂಬ ಪ್ರಶ್ನೆ ನೆನಪಿದೆಯಲ್ಲವೇ? ರಾಜ್ಯ ಪುನರ್ವಿಂಗಡಣಾ ಆಯೋಗ ಇಡೀ ತಾಲ್ಲೂಕನ್ನು ಎಣಿಸಿ ಮಲಯಾಳ ಭಾಷಿಕರು ಹೆಚ್ಚೆಂದಿತು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ, ತಾಲ್ಲೂಕಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಆ ವರದಿ ಜಾರಿಯಾಗಲಿಲ್ಲ.

ಗಡಿಯ ಪ್ರಶ್ನೆಗೆ ಅಂತರರಾಷ್ಟ್ರೀಯ ಅಲ್ಪಸಂಖ್ಯಾತರ ಕಾನೂನಿನಲ್ಲಿ ಉತ್ತರ ಹುಡುಕಬೇಡಿ. ಗಡಿ ಬದಲಿಸುವ ಭರವಸೆಯನ್ನು ಅದು ಕೊಡುವುದಿಲ್ಲ. ಗಡಿ ಎಲ್ಲೇ ಇರಲಿ, ಅದರೊಳಗೆ ತನ್ನ ಭಾಷೆಯೊಡನೆ ಮಾನವಾಗಿ ಬದುಕುವ ಭರವಸೆಯನ್ನು ಅದು ಕೊಡುತ್ತದೆ. ನಮ್ಮ ಸಂವಿಧಾನವೂ ಇದೇ ಹಾದಿ ಹಿಡಿದಿದೆ. 29 ಮತ್ತು 30ನೆಯ ವಿಧಿಗಳು ಮೊದಲಿನಿಂದಲೇ ಇವೆ. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ 350ಎ ಮತ್ತು 350ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಪ್ರತಿ ರಾಜ್ಯವೂ ಸೌಲಭ್ಯ ಒದಗಿಸಬೇಕೆಂಬುದು ಮೊದಲನೆಯದು. ಅದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷಾಧಿಕಾರಿ ಇರಬೇಕೆಂಬುದು ಎರಡನೆಯದು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಒಬ್ಬ ಶಿಕ್ಷಕರನ್ನು ಕೊಡಬೇಕೆಂದು ಪ್ರಾಂತ್ಯಗಳ ಶಿಕ್ಷಣ ಸಚಿವರು 1949ರಲ್ಲೇ ನಿರ್ಣಯಿಸಿದ್ದರು. ಅಂದರೆ ವಿಶ್ವಸಂಸ್ಥೆ 1992ರಲ್ಲಿ ಹೇಳಿದ್ದನ್ನು ನಮ್ಮವರು ನಾಲ್ಕು ದಶಕ ಮೊದಲೇ ಬರೆದಿಟ್ಟಿದ್ದರು.

ಬರೆದಿಟ್ಟದ್ದು ನಡೆಯಿತೇ? ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಮಾಧ್ಯಮ ಶಾಲೆಗಳಿವೆ. ಇದು ಸಣ್ಣ ಮಾತಲ್ಲ. ಆದರೆ ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಮಕ್ಕಳು, ಪೋಷಕರು ಪ್ರತಿಭಟಿಸಿದ ಪ್ರಸಂಗಗಳು ನಡೆದಿವೆ. ಆ ಮಗುವಿನ ಸ್ಥಾನದಲ್ಲಿ ನಿಂತು ನೋಡಿ. ಶಾಲೆ ಇದೆ, ಪುಸ್ತಕ ಇದೆ, ಗುರುಗಳೂ ಇದ್ದಾರೆ; ಗಣಿತ ಮಾತ್ರ ತಲೆಗೆ ಹೋಗುತ್ತಿಲ್ಲ. ಎಲ್ಲ ಶಾಲೆಗಳಲ್ಲೂ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆಯನ್ನು ಕೇರಳ 2017ರಲ್ಲಿ ತಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದರು. ನಮ್ಮ ಪತ್ರಿಕೆಗಳೂ ಅವರ ಪರವಾಗಿ ಬರೆದವು.

ಈಗ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸೋಣ. ಕರ್ನಾಟಕದ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸುವ ನಮ್ಮ ಕಾಯ್ದೆ ಬಂದದ್ದು 2015ರಲ್ಲಿ, ಕೇರಳಕ್ಕಿಂತ ಎರಡು ವರ್ಷ ಮೊದಲು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತದ್ದೂ ನಮ್ಮ ರಾಜ್ಯದ ಮೊಕದ್ದಮೆಯಲ್ಲೇ. ನೆಲದ ಭಾಷೆಯನ್ನು ಎಲ್ಲರೂ ಕಲಿಯಬೇಕೆಂಬ ಆಸೆ ತಪ್ಪಲ್ಲ. ನಾನೂ ಅದೇ ಆಸೆಯವನು. ಆದರೆ ಬೆಳಗಾವಿಯ ಮರಾಠಿ ಮಗುವಿಗೆ, ಮೈಸೂರಿನ ಉರ್ದು ಶಾಲೆಯ ಮಗುವಿಗೆ, ಹಾಡಿಯ ಜೇನುಕುರುಬ ಮಗುವಿಗೆ ನಾವು ಏನನ್ನು ಕೊಡುತ್ತೇವೋ ಅದನ್ನೇ ಮಂಜೇಶ್ವರದ ಕನ್ನಡ ಮಗುವಿಗಾಗಿ ಕೇಳಲು ನಮಗೆ ಬಾಯಿ ಇರುತ್ತದೆ. ಅಲ್ಲಿಗೊಂದು, ಇಲ್ಲಿಗೊಂದು ತಕ್ಕಡಿ ಇಟ್ಟುಕೊಂಡರೆ ನಮ್ಮ ಮಾತಿಗೆ ತೂಕವಿರುವುದಿಲ್ಲ.

ಅಂತರರಾಷ್ಟ್ರೀಯ ಕಾನೂನಿಗೆ ಪೊಲೀಸರಿಲ್ಲವಲ್ಲ!

ಕಾರ್ಯಕ್ರಮದ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: “ಪಾಲಿಸದಿದ್ದರೆ ಶಿಕ್ಷೆಯೇ ಇಲ್ಲದ ಕಾನೂನು ಎಂಥ ಕಾನೂನು ಸಾರ್?” ಆ ಪ್ರಶ್ನೆಯಲ್ಲಿ ಹುರುಳಿದೆ. ಸಾಂಡ್ರಾ ಲವ್‌ಲೇಸ್ ಅವರಂತೆ ಭಾರತದ ವ್ಯಕ್ತಿಯೊಬ್ಬರು ಆ ಸಮಿತಿಗೆ ನೇರವಾಗಿ ದೂರು ಕೊಡುವಂತಿಲ್ಲ. ಅದಕ್ಕೆ ಅವಕಾಶ ಕೊಡುವ ಪೂರಕ ಒಪ್ಪಂದಕ್ಕೆ ಭಾರತ ಸೇರಿಲ್ಲ. ಒಡಂಬಡಿಕೆಗೆ ಸಹಿ ಹಾಕಿದ ಮಾತ್ರಕ್ಕೆ ಅದು ನಮ್ಮ ದೇಶದ ಕಾನೂನು ಆಗುವುದೂ ಇಲ್ಲ. ಸಂಸತ್ತು ಕಾಯ್ದೆ ಮಾಡಬೇಕು.

ಕನ್ನಂಬಾಡಿ ಕಟ್ಟೆಯನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಕಟ್ಟೆ ತುಂಬಿದ ಮಾತ್ರಕ್ಕೆ ಮಂಡ್ಯದ ಗದ್ದೆ ನೆನೆಯುವುದಿಲ್ಲ. ನಾಲೆ ಬೇಕು, ತೂಬು ಬೇಕು, ತೂಬು ಎತ್ತಲು ನೀರಗಂಟಿ ಬೇಕು. ವಿಶ್ವಸಂಸ್ಥೆಯ ಒಡಂಬಡಿಕೆಗಳು ಕಟ್ಟೆಯ ನೀರು. ಸಂವಿಧಾನ, 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ ನಾಲೆಗಳು. ಅಂತರರಾಷ್ಟ್ರೀಯ ಕಾನೂನನ್ನು ಗೌರವಿಸಬೇಕೆಂದು ಸಂವಿಧಾನದ 51ನೆಯ ವಿಧಿ ಹೇಳುತ್ತದೆ. ದೇಶದ ಕಾನೂನಿನಲ್ಲಿ ಖಾಲಿ ಜಾಗವಿದ್ದೆಡೆ ಒಡಂಬಡಿಕೆಯನ್ನು ಆಧಾರವಾಗಿ ಬಳಸಬಹುದೆಂದು ಸುಪ್ರೀಂ ಕೋರ್ಟು 1997ರ ವಿಶಾಖಾ ಪ್ರಕರಣದಲ್ಲಿ ತೋರಿಸಿಕೊಟ್ಟಿದೆ. ಇನ್ನು ಗದ್ದೆಯ ಬದಿಯ ತೂಬು ಯಾವುದು? ಗ್ರಾಮಸಭೆ, ತಾಲ್ಲೂಕು ಕಚೇರಿ, ಶಿಕ್ಷಕರ ನೇಮಕದ ಕಡತ, ಜನಗಣತಿಯವರು ಹಿಡಿದು ಬರುವ ನಮೂನೆ. ನೀರು ಹೆಚ್ಚಾಗಿ ನಿಲ್ಲುವುದು ಇಲ್ಲಿಯೇ.

ಜನಗಣತಿಯ ಮಾತು ಬಂದುದರಿಂದ ಒಂದು ಸಂಗತಿ. 2011ರ ಗಣತಿಯ ಪಟ್ಟಿಯಲ್ಲಿ 121 ಭಾಷೆಗಳ ಹೆಸರಿವೆ. 10 ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳು ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ‘ಇತರೆ’ ಎಂಬ ಕಂಬಕ್ಕೆ ಸೇರುತ್ತವೆ. ಪಟ್ಟಿಯಲ್ಲಿ ಹೆಸರೇ ಇಲ್ಲದ ಭಾಷೆಗೆ ಶಿಕ್ಷಕರನ್ನು ಕೇಳುವುದು ಹೇಗೆ?

ನಿಮ್ಮ ತರಗತಿಯಲ್ಲಿ ಮಾಡಿ ನೋಡಿ

1. ತರಗತಿಯಲ್ಲಿ ಎಲ್ಲರ ಮನೆಮಾತು ಯಾವುದೆಂದು ಕೇಳಿ ಪಟ್ಟಿ ಮಾಡಿ. ಯಾವ ಭಾಷೆಯನ್ನು ಹೇಳಲು ಗೆಳೆಯರು ಹಿಂಜರಿದರು? ಏಕೆಂದು ಯೋಚಿಸಿ, ಬಲವಂತ ಮಾಡಬೇಡಿ.

2. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಮಂಜೇಶ್ವರದ ಕನ್ನಡ ಶಾಲೆಯ ಪರವಾಗಿ, ಇನ್ನೊಂದು ಬೆಳಗಾವಿಯ ಮರಾಠಿ ಶಾಲೆಯ ಪರವಾಗಿ ಸರ್ಕಾರಕ್ಕೆ ಮನವಿ ಬರೆಯಲಿ. ಬರೆದ ಮೇಲೆ ಊರು ಮತ್ತು ಭಾಷೆಯ ಹೆಸರನ್ನು ಅಳಿಸಿ ಎರಡನ್ನೂ ಹೋಲಿಸಿ.

3. ನಿಮ್ಮ ಮನೆಯ ಅಥವಾ ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು ಹಳೆಯ ಕೆರೆ, ಗುಂಡುತೋಪು, ಹಾಡಿ, ಮಸಣ ಎಲ್ಲಿದ್ದವೆಂದು ಕೇಳಿ ತಾರೀಖು ಹಾಕಿ ಬರೆದಿಡಿ. ಇದನ್ನು ನಾನು ಮಾಡದೆ ಬಿಟ್ಟಿದ್ದೆ. ಮುಂದಿನ ತಿಂಗಳು ಅದೇ ಹಾಡಿಗೆ ಹೊರಟಿದ್ದೇನೆ. ಆ ಹಿರಿಯರು ಇದ್ದರೆ ಈ ಸಲ ಮೊದಲು ಅವರ ಮಾತು, ಆಮೇಲೆ ಕುಣಿತ. ಧ್ವನಿಮುದ್ರಣದ ಒಂದು ಪ್ರತಿಯನ್ನು ಅವರ ಗ್ರಾಮಸಭೆಗೂ ಕೊಟ್ಟು ಬರುತ್ತೇನೆ.